ಪರಾರಿಯಾಗಿದ್ದಾನೆಯೋ, ಪರಾರಿಯಾಗಿದ್ದಾರೆಯೋ? ಪತ್ರಿಕೆಯ ನಿಷ್ಪಕ್ಷಪಾತದ ಬಗ್ಗೆ ಟಿಪ್ಪಣಿ

‘ಪತ್ರಿಕೆಗಳು ಪೂರ್ತಿ ನಿಷ್ಪಕ್ಷಪಾತವಾಗಿರಲು ಸಾಧ್ಯವೇ?’ ಪರೀಕ್ಷೆಗೆ ಓದುವ ನಮ್ಮ ಗುಂಪಿನಲ್ಲಿ ಈ ಪ್ರಶ್ನೆ ಬಂದಾಗಲೆಲ್ಲ ಎರಡೇ ಉತ್ತರ ಕೇಳಿಬರುತ್ತವೆ. ‘ಎಲ್ಲರೂ ದುಡ್ಡಿಗೆ ಬರೆಯೋರೇ’ ಅನ್ನುವುದು ಒಂದು. ‘ಒಳ್ಳೆಯ ಪತ್ರಿಕೆ ಯಾರ ಪರವೂ ಇರಲ್ಲ’ ಅನ್ನುವುದು ಇನ್ನೊಂದು. ಎರಡರಲ್ಲೂ ಪತ್ರಿಕೆಯನ್ನು ಬಿಡಿಸಿ ನೋಡುವ ಕೆಲಸ ತಪ್ಪಿಹೋಗುತ್ತದೆ. ಅದಕ್ಕೇ ಒಂದು ವಾರ ಬೆಂಗಳೂರಿನ ಹಂಪಿನಗರದ ಗ್ರಂಥಾಲಯದಲ್ಲಿ ಕೂತು, ಕನ್ನಡ ಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ಅಪರಾಧ ಸುದ್ದಿಗಳಲ್ಲಿ ವಾಕ್ಯ ಹೇಗೆ ಮುಗಿಯುತ್ತದೆ ಎಂಬುದನ್ನಷ್ಟೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಇದನ್ನು ನೀವೂ ಮಾಡಿ ನೋಡಿ. ಸರ ಕಿತ್ತುಕೊಂಡ ಆರೋಪ ಹೊತ್ತ ಹುಡುಗ ‘ಪರಾರಿಯಾಗಿದ್ದಾನೆ’. ಮನೆಗೆಲಸದ ಹೆಂಗಸು ಒಡವೆ ‘ಕದ್ದಿದ್ದಳು’. ಕೋಟಿಗಟ್ಟಲೆ ವಂಚನೆಯ ಆರೋಪ ಹೊತ್ತ ದೊಡ್ಡ ಮನುಷ್ಯರು ಮಾತ್ರ ‘ವಿಚಾರಣೆಗೆ ಹಾಜರಾದರು’. ಮೂವರ ಮೇಲೂ ಇರುವುದು ಆರೋಪವೇ. ಕೋರ್ಟು ಯಾರನ್ನೂ ಅಪರಾಧಿ ಅಂದಿಲ್ಲ. ಆದರೂ ಇಬ್ಬರಿಗೆ ಏಕವಚನ, ಒಬ್ಬರಿಗೆ ಗೌರವದ ಬಹುವಚನ.

ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ಈ ಇಕ್ಕಟ್ಟು ಇಲ್ಲ. ಅಲ್ಲಿ ಕಳ್ಳನಿಗೂ ಮಂತ್ರಿಗೂ ಒಂದೇ ಸರ್ವನಾಮ, ಒಂದೇ ಕ್ರಿಯಾಪದ. ಕನ್ನಡದಲ್ಲಿ ‘ಬಂದನು’ ಅನ್ನಬೇಕು, ಇಲ್ಲ ‘ಬಂದರು’ ಅನ್ನಬೇಕು. ಅಂದರೆ ನಮ್ಮ ಭಾಷೆಯಲ್ಲಿ ಒಬ್ಬ ಮನುಷ್ಯನ ಬಗ್ಗೆ ವಾಕ್ಯ ಮುಗಿಸುವ ಹೊತ್ತಿಗೆ ಅವನ ಸ್ಥಾನ ಯಾವುದು ಅಂತ ಬರೆಯುವವರು ತೀರ್ಮಾನ ಮಾಡಿರುತ್ತಾರೆ. ಡೆಸ್ಕಿನಲ್ಲಿರುವ ಉಪಸಂಪಾದಕರು ಕೆಟ್ಟ ಉದ್ದೇಶದಿಂದ ಹೀಗೆ ಮಾಡುವುದಿಲ್ಲ. ಕೈಗೆ ಅಭ್ಯಾಸವಾಗಿರುತ್ತದೆ, ಅಷ್ಟೇ. ಆದರೆ ಅಭ್ಯಾಸದಲ್ಲೇ ಪಕ್ಷಪಾತ ಜಾಸ್ತಿ ದಿನ ಬದುಕುವುದು. ತೀರ್ಪು ಬರುವ ತನಕ ಎಲ್ಲ ಆರೋಪಿಗಳಿಗೂ ‘ಅವರು’ ಅನ್ನಬೇಕು ಅನ್ನುವುದು ನನ್ನ ಗಟ್ಟಿ ನಿಲುವು.

ವಾಕ್ಯದ ನಡುವಿನ ಪದಗಳನ್ನೂ ಗಮನಿಸಿ. ‘ಹೇಳಿದರು’ ಅಂದರೆ ಬರೀ ಹೇಳಿದರು. ‘ಸಮರ್ಥಿಸಿಕೊಂಡರು’ ಅಂದ ತಕ್ಷಣ ಅವರು ಏನೋ ತಪ್ಪು ಮಾಡಿರಬೇಕು ಅನ್ನಿಸುತ್ತದೆ. ‘ಒಪ್ಪಿಕೊಂಡರು’ ಅಂದರೆ ತಪ್ಪು ಖಚಿತವೇ ಆಗಿಬಿಡುತ್ತದೆ. ಇನ್ನು ‘ಎನ್ನಲಾಗಿದೆ’, ‘ತಿಳಿದುಬಂದಿದೆ’. ಯಾರು ಅಂದರು, ಯಾರಿಂದ ತಿಳಿಯಿತು? ಈ ಎರಡು ಪದ ಕಂಡ ಕಡೆ ನಾನು ಈಗ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಬರೆದುಕೊಳ್ಳುತ್ತೇನೆ.

ಬರೆಯುವುದಕ್ಕೂ ಮುಂಚಿನ ಹಂತ ಆಯ್ಕೆ. ಇಲ್ಲಿ ನೆನಪಿಡಬೇಕಾದ ಹೆಸರು ಅಮೆರಿಕದ ಪತ್ರಿಕೋದ್ಯಮ ಸಂಶೋಧಕ ಡೇವಿಡ್ ಮ್ಯಾನಿಂಗ್ ವೈಟ್. 1949ರ ಫೆಬ್ರವರಿಯಲ್ಲಿ ವೈಟ್ ಕೇಳಿಕೊಂಡ ಮೇಲೆ ಅಲ್ಲಿನ ಒಂದು ನಗರದ ಪತ್ರಿಕೆಯ ಸುದ್ದಿ ಸಂಪಾದಕರು, ಒಂದು ವಾರ ತಾವು ಕೈಬಿಟ್ಟ ಸುದ್ದಿಗಳನ್ನೆಲ್ಲ ಎತ್ತಿಟ್ಟು, ಯಾಕೆ ಬಿಟ್ಟೆ ಎಂದು ಬರೆದುಕೊಟ್ಟರು. ಸುದ್ದಿಸಂಸ್ಥೆಗಳಿಂದ ಬಂದದ್ದರಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಅಚ್ಚಾಗಿರಲೇ ಇಲ್ಲ. ಜಾಗ ಇಲ್ಲ ಎಂಬ ಕಾರಣ ಎಷ್ಟೋ ಕಡೆ ಇತ್ತು. ಜೊತೆಗೆ ಅವರ ಸ್ವಂತ ಇಷ್ಟಾನಿಷ್ಟಗಳೂ ಇದ್ದವು. ವೈಟ್ 1950ರಲ್ಲಿ ಇದನ್ನು ಪ್ರಕಟಿಸಿದರು. ಸುದ್ದಿಯ ‘ದ್ವಾರಪಾಲಕ’ ಎಂಬ ಪರಿಕಲ್ಪನೆ ಪತ್ರಿಕೋದ್ಯಮದ ಪಾಠಕ್ಕೆ ಬಂದದ್ದು ಹೀಗೆ. ಆ ಸಂಪಾದಕರು ಸುಳ್ಳು ಬರೆದಿರಲಿಲ್ಲ ಎಂಬುದು ಇಲ್ಲಿ ಮುಖ್ಯ. ಅಚ್ಚಾದ ಪ್ರತಿ ಸುದ್ದಿಯೂ ನಿಜವಾಗಿದ್ದು, ಇಡೀ ಪುಟ ಮಾತ್ರ ಒಂದು ಕಡೆ ವಾಲಿರಬಹುದು.

ನಮ್ಮೂರಿನದೇ ಉದಾಹರಣೆ ಮಾಡಿಕೊಳ್ಳೋಣ. ಫ್ರೀಡಂ ಪಾರ್ಕಿನಲ್ಲಿ ಅಂಗನವಾಡಿ ಕಾರ್ಯಕರ್ತೆಯರ ಧರಣಿ ನಡೆಯುತ್ತಿದೆ ಅಂದುಕೊಳ್ಳಿ. ಒಂದು ಪತ್ರಿಕೆ ‘ಪ್ರತಿಭಟನೆ: ಮೆಜೆಸ್ಟಿಕ್ ಸುತ್ತ ಸಂಚಾರ ಅಸ್ತವ್ಯಸ್ತ’ ಎಂದು ಹಾಕುತ್ತದೆ. ಇನ್ನೊಂದು ‘ಗೌರವಧನ ಹೆಚ್ಚಿಸಲು ಪಟ್ಟು’ ಎನ್ನುತ್ತದೆ. ಎರಡೂ ನಿಜ. ಮೊದಲನೆಯದನ್ನು ಬರೆದವರು ಬಸ್ಸಿನಲ್ಲಿ ಸಿಕ್ಕಿಬಿದ್ದವರ ಪಕ್ಕ ನಿಂತಿದ್ದಾರೆ, ಎರಡನೆಯದನ್ನು ಬರೆದವರು ಬಿಸಿಲಲ್ಲಿ ಕೂತ ಹೆಂಗಸರ ಪಕ್ಕ. ಎಲ್ಲೂ ನಿಲ್ಲದೆ ನೋಡುವುದಕ್ಕೆ ಆಗಲ್ಲ, ಅಲ್ವಾ?

ದುಡ್ಡಿನ ವಿಷಯ. ನಾವು ಬೆಳಿಗ್ಗೆ ಕೊಡುವ ಚಿಲ್ಲರೆಯಲ್ಲಿ ಪತ್ರಿಕೆ ನಡೆಯುವುದಿಲ್ಲ. ನಡೆಸುವುದು ಬಹುಪಾಲು ಜಾಹೀರಾತು. ಬೆಂಗಳೂರಿನಲ್ಲಿ ಮುಖಪುಟ ಮುಚ್ಚುವ ಜಾಹೀರಾತುಗಳಲ್ಲಿ ಅಪಾರ್ಟ್‌ಮೆಂಟು, ಲೇಔಟುಗಳದ್ದೇ ಭರಾಟೆ. ಅದೇ ಪತ್ರಿಕೆ ಕೆರೆ ಒತ್ತುವರಿಯ ಬಗ್ಗೆಯೂ ಬರೆಯಬೇಕು. ಸರ್ಕಾರವೂ ದೊಡ್ಡ ಜಾಹೀರಾತುದಾರನೇ. ಇದು ತೆರೆದ ಒತ್ತಡ. ಮುಚ್ಚಿದ್ದು ಇನ್ನೂ ಕೆಟ್ಟದ್ದು: ಕಾಸಿಗಾಗಿ ಸುದ್ದಿ, ಅಂದರೆ ದುಡ್ಡು ತೆಗೆದುಕೊಂಡು ಪ್ರಚಾರವನ್ನು ಸುದ್ದಿಯಂತೆ ಅಚ್ಚು ಹಾಕುವುದು. 2009ರ ಚುನಾವಣೆಗಳ ನಂತರ ಈ ದೂರು ಜೋರಾಗಿ ಎದ್ದು, ಭಾರತೀಯ ಪತ್ರಿಕಾ ಮಂಡಳಿ 2010ರಲ್ಲಿ ವರದಿ ಕೊಟ್ಟಿತು. ಚುನಾವಣಾ ಆಯೋಗ ಜಿಲ್ಲಾ ಮಟ್ಟದಲ್ಲಿ ನಿಗಾ ಸಮಿತಿಗಳನ್ನು ಮಾಡಿತು. ಮಂಡಳಿಗೆ 1978ರ ಕಾಯ್ದೆಯಡಿ ಎಚ್ಚರಿಸುವ, ಛೀಮಾರಿ ಹಾಕುವ ಅಧಿಕಾರವಿದೆ, ದಂಡ ಹಾಕುವ ಅಧಿಕಾರ ಇಲ್ಲ. ಪರೀಕ್ಷೆಯಲ್ಲಿ ಈ ವ್ಯತ್ಯಾಸ ತಪ್ಪದೆ ಬರೆಯಿರಿ.

ಇತಿಹಾಸದ ಒಂದು ಎಳೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಬಂತು. ಅದಕ್ಕೇ ಜುಲೈ 1 ನಮಗೆ ಪತ್ರಿಕಾ ದಿನ. ಅದನ್ನು ತಂದ ಹರ್ಮನ್ ಮೊಗ್ಲಿಂಗ್ ಬಾಸೆಲ್ ಮಿಷನ್ನಿನ ಪಾದ್ರಿ. ಅಂದರೆ ನಮ್ಮ ಮೊದಲ ಪತ್ರಿಕೆಯ ಹಿಂದೆಯೂ ಒಂದು ಸಂಸ್ಥೆ, ಒಂದು ನಂಬಿಕೆ ಇತ್ತು. ಅದರಿಂದ ಕನ್ನಡ ಓದುಗರಿಗೆ ಆದ ಉಪಕಾರ ಕಡಿಮೆಯಾಗಲಿಲ್ಲ.

ಹಾಗಾದರೆ ನಿಷ್ಪಕ್ಷಪಾತ ಅನ್ನುವ ಮಾತನ್ನೇ ಬಿಟ್ಟುಬಿಡಬೇಕೇ? ಬೇಡ. ಇಲ್ಲಿ ಎರಡು ಸಂಗತಿ ಬೆರೆತುಹೋಗಿವೆ. ಒಲವೇ ಇಲ್ಲದಿರುವುದು ಒಂದು, ನ್ಯಾಯವಾಗಿ ನಡೆದುಕೊಳ್ಳುವುದು ಇನ್ನೊಂದು. ಮೊದಲನೆಯದು ಮನುಷ್ಯರಿಂದ ಆಗದು. ಎರಡನೆಯದು ಆಗುತ್ತದೆ, ಅದನ್ನು ಪರೀಕ್ಷಿಸಲೂ ಬರುತ್ತದೆ. ಆರೋಪ ಹೊತ್ತವರ ಮಾತು ಕೇಳಿದ್ದಾರೆಯೇ? ಮೂಲ ಯಾವುದು ಎಂದು ಹೇಳಿದ್ದಾರೆಯೇ? ತಪ್ಪಾದಾಗ ತಿದ್ದುಪಡಿ ಹಾಕಿದ್ದಾರೆಯೇ, ಅದೂ ಮುಖಪುಟದ ತಪ್ಪಿಗೆ ಒಳಪುಟದ ಮೂಲೆಯಲ್ಲಿ ಅಲ್ಲ ತಾನೇ?

ಆದರೆ ಎರಡೂ ಕಡೆಗೆ ಸಮಸಮ ಜಾಗ ಕೊಟ್ಟರೆ ನ್ಯಾಯ ಮುಗಿಯಿತು ಅಂದುಕೊಳ್ಳಬೇಡಿ. ಸರ್ವೆ ನಕ್ಷೆಯಲ್ಲಿ ಕೆರೆಯಂಗಳ ಎಂದು ಸ್ಪಷ್ಟವಾಗಿರುವ ಜಾಗದ ಬಗ್ಗೆ ‘ಅದು ಕೆರೆಯೇ ಅಲ್ಲ’ ಎಂಬ ಬಿಲ್ಡರ್ ಹೇಳಿಕೆಗೆ ಅರ್ಧ ಸುದ್ದಿ ಬಿಟ್ಟುಕೊಡುವುದು ಸಮತೋಲನ ಅಲ್ಲ. ಅವರ ಹೇಳಿಕೆ ಹಾಕಿ, ಜೊತೆಗೆ ನಕ್ಷೆ ಏನು ಹೇಳುತ್ತದೆ ಎಂಬುದನ್ನೂ ಹಾಕಬೇಕು. ದಾಖಲೆ ಮತ್ತು ಮಾತು ಒಂದೇ ತೂಕದವಲ್ಲ.

ಕೊನೆಗೆ ಒಂದು ಅಭ್ಯಾಸ. ಪತ್ರಿಕೆಯ ಮಾಲೀಕತ್ವದ ವಿವರವನ್ನು ವರ್ಷಕ್ಕೊಮ್ಮೆ, ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ಪ್ರಕಟಿಸಬೇಕು ಎಂದು 1956ರ ಪತ್ರಿಕಾ ನೋಂದಣಿ ನಿಯಮಗಳಲ್ಲಿತ್ತು. ಅದರ ಹೆಸರು ನಮೂನೆ 4. ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರಿನ ಜೊತೆ ಶೇ 1ಕ್ಕಿಂತ ಹೆಚ್ಚು ಬಂಡವಾಳ ಇರುವವರ ಹೆಸರೂ ಅದರಲ್ಲಿ ಇರುತ್ತಿತ್ತು. ಗ್ರಂಥಾಲಯದಲ್ಲಿ ಹಳೆಯ ಮಾರ್ಚ್ ತಿಂಗಳ ಪತ್ರಿಕೆಗಳ ಕಟ್ಟು ಕೇಳಿ. ಒಳಪುಟದಲ್ಲಿ, ಸಣ್ಣಕ್ಷರದ ಚೌಕದಲ್ಲಿ ಸಿಗುತ್ತದೆ. ನೀವು ದಿನಾ ಓದುವ ಪತ್ರಿಕೆಯದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡು ಬನ್ನಿ. ಮುಂದಿನ ಭಾನುವಾರ ಎಲ್ಲರದನ್ನೂ ಒಟ್ಟಿಗೆ ಇಟ್ಟು ನೋಡೋಣ.