ಗಿಟಾರ್ ರೋಸೆಟ್: ಮೊದಲು ತೋಡು, ಆಮೇಲೆ ತೂತು

ಗಿಟಾರ್‌ನ ಮುಂಭಾಗದ ದುಂಡು ತೂತಿನ (ಸೌಂಡ್‌ಹೋಲ್) ಸುತ್ತ ಕಾಣುವ ಅಲಂಕಾರದ ಉಂಗುರವೇ ರೋಸೆಟ್. ಅಗ್ಗದ ಗಿಟಾರ್‌ಗಳಲ್ಲಿ ಅದು ಬರೀ ಸ್ಟಿಕ್ಕರ್. ನಿಜವಾದದ್ದನ್ನು ಮರದಲ್ಲಿ ತೋಡು ಕೊರೆದು, ಬಣ್ಣದ ಮರ, ಗೆರೆಪಟ್ಟಿ (ಗೆರೆಯಂತೆ ಕಾಣುವ ತೆಳು ಮರದ ಪಟ್ಟಿ), ಮುತ್ತಿನ ಚಿಪ್ಪು ಕೂರಿಸಿ ಮಾಡುತ್ತಾರೆ. ಬೀದರ್‌ನಲ್ಲಿ ಕಲಿಯುವ ನಮಗೆ ಕೂರಿಸುವ ಕೆಲಸ ಹೊಸದಲ್ಲ, ಬಿದ್ರಿ ನೋಡಿಯೇ ಇರುತ್ತೇವೆ. ಆದರೆ ಬಿದ್ರಿಯ ಎಲ್ಲ ಅಭ್ಯಾಸವೂ ಇಲ್ಲಿ ನಡೆಯುವುದಿಲ್ಲ. ಎಲ್ಲಿ ನಡೆಯುವುದಿಲ್ಲ ಅನ್ನುವುದೇ ಈ ಟಿಪ್ಪಣಿಯ ಮುಖ್ಯ ವಿಷಯ.

ಮೊದಲು ಕ್ರಮ. ಸೌಂಡ್‌ಹೋಲ್ ಕತ್ತರಿಸುವುದು ಕೊನೆಗೆ. ತೋಡಿನ ಎಲ್ಲ ವೃತ್ತಗಳೂ ಒಂದೇ ನಡುಬಿಂದುವಿನಿಂದ ಬರಬೇಕು. ಅಲ್ಲೊಂದು ಸಣ್ಣ ರಂಧ್ರ ಕೊರೆದು ಪಿನ್ ನಿಲ್ಲಿಸುತ್ತೇವೆ. ತೂತು ಮೊದಲೇ ಆಗಿಬಿಟ್ಟರೆ ಪಿನ್ ಎಲ್ಲಿ ನಿಲ್ಲಬೇಕು, ಅಲ್ವಾ?

ಕೊರೆಯಲು ಎರಡು ದಾರಿ. ಒಂದು, ಪಿನ್ ಸುತ್ತ ತಿರುಗುವ ಕೈ ಕಟ್ಟರ್. ಇನ್ನೊಂದು, ವೃತ್ತದ ಜಿಗ್‌ಗೆ (ಪಿನ್ ಸುತ್ತ ತಿರುಗಿಸುವ ಹಿಡಿಕೆಗೆ) ಜೋಡಿಸಿದ ಟ್ರಿಮ್ಮರ್ ಅಥವಾ ಡ್ರೆಮೆಲ್, ಅಂದರೆ ಕರೆಂಟಿನಿಂದ ಬಿಟ್ ತಿರುಗುವ ಸಣ್ಣ ಯಂತ್ರ. ಟ್ರಿಮ್ಮರ್ ಬೇಗ ಮುಗಿಸುತ್ತದೆ. ಆದರೂ ಕಲಿಯುವವರು ಒಮ್ಮೆ ಕೈ ಕಟ್ಟರ್ ಹಿಡಿಯಬೇಕು ಅನ್ನುವುದು ನನ್ನ ಅಭಿಪ್ರಾಯ. ಟಾಪ್, ಅಂದರೆ ಗಿಟಾರ್‌ನ ಮುಂಭಾಗದ ಹಲಗೆ, ಸ್ಪ್ರೂಸ್ ಮರದ್ದು. ಅದರ ಎಳೆ ನೇರ, ನಾವು ಎಳೆಯುವ ಗೆರೆ ದುಂಡು. ಎಳೆಯ ಜೊತೆಗೆ ಸಾಗುವ ಕಡೆ ಬ್ಲೇಡ್ ಎಳೆಯ ಹಿಂದೆಯೇ ಜಾರುತ್ತದೆ, ಅಡ್ಡ ಬರುವ ಕಡೆ ಚಕ್ಕೆ ಏಳುತ್ತದೆ. ಇದನ್ನು ಕೈಯೇ ಕಲಿಸುತ್ತದೆ. ಹಗುರವಾಗಿ ಹಲವು ಸುತ್ತು ಎಳೆಯಿರಿ. ಎರಡೂ ಅಂಚು ಗೀರಿದ ಮೇಲೆ ನಡುವಿನ ಮರವನ್ನು ಉಳಿಯಿಂದ ತೆಗೆಯಿರಿ. ಟ್ರಿಮ್ಮರ್ ಆದರೆ ಡೌನ್‌ಕಟ್ ಬಿಟ್ ಹಾಕಿ. ಅದು ಎಳೆಯನ್ನು ಕೆಳಕ್ಕೆ ಒತ್ತುತ್ತಾ ಕತ್ತರಿಸುವುದರಿಂದ ಅಂಚು ಚೊಕ್ಕಟವಾಗಿ ಉಳಿಯುತ್ತದೆ.

ಟಾಪ್ ಸುಮಾರು 3 ಮಿ.ಮೀ. ದಪ್ಪ ಇದ್ದರೆ ತೋಡಿನ ಆಳ 1.5 ಮಿ.ಮೀ. ಸುತ್ತ ಇರಲಿ. ಕೂರಿಸುವ ವಸ್ತು ತೋಡಿಗಿಂತ ಕೂದಲಿನಷ್ಟು ಮೇಲೆ ಇರಬೇಕು. ಕೆಳಗಿದ್ದರೆ ಟಾಪ್ ಅನ್ನೇ ಹೆರೆಯಬೇಕಾಗುತ್ತದೆ. ಅದೇ ಜಾತಿಯ ರದ್ದಿ ತುಂಡಿನ ಮೇಲೆ ಮೊದಲು ಕೊರೆದು, ಕ್ಯಾಲಿಪರ್‌ನಿಂದ ಅಳೆದು ನೋಡಿ.

ಈಗ ಬಿದ್ರಿಗೆ ಬರೋಣ. ಅಲ್ಲಿ ಸತು-ತಾಮ್ರದ ಮಿಶ್ರಲೋಹದಲ್ಲಿ ಗೆರೆ ಕೆತ್ತಿ, ಬೆಳ್ಳಿ ತಂತಿ ಇಟ್ಟು ಬಡಿಯುತ್ತಾರೆ. ಬೆಳ್ಳಿ ಮೆದು, ಹರಡಿಕೊಂಡು ಗೆರೆ ತುಂಬುತ್ತದೆ. ಮುತ್ತಿನ ಚಿಪ್ಪು ಹರಡುವುದಿಲ್ಲ, ಬಡಿದರೆ ಒಡೆಯುತ್ತದೆ. ಹಾಗಾಗಿ ಇಲ್ಲಿ ಅಳತೆಯೇ ಎಲ್ಲ. ಬೀದರ್ ಕೋಟೆಯ ರಂಗೀನ್ ಮಹಲ್‌ನಲ್ಲಿ ಕಪ್ಪು ಕಲ್ಲಿನೊಳಗೆ ಕೂರಿಸಿದ ಮುತ್ತಿನ ಚಿಪ್ಪಿದೆ. ನಮ್ಮ ಕೆಲಸಕ್ಕೆ ಬಿದ್ರಿಗಿಂತ ಅದೇ ಹತ್ತಿರದ ನೆಂಟ. ಹೋದಾಗ ಚಿಪ್ಪಿನ ತುಂಡುಗಳ ಅಂಚು ಕಲ್ಲಿಗೆ ಹೇಗೆ ಸೇರಿದೆ ಎಂದು ನೋಡಿ.

ಹಾಗಂತ ತೀರಾ ಬಿಗಿ ಮಾಡಬೇಡಿ. ಫೆವಿಕಾಲ್‌ನಂಥ ಅಂಟಿನಲ್ಲಿ ನೀರಿದೆ. ಮರದ ಪಟ್ಟಿ ಉಬ್ಬುತ್ತದೆ, ಒಣಗಿದ್ದಾಗ ಸರಿಯಾಗಿ ಕೂತದ್ದು ಅಂಟು ಹಚ್ಚಿದ ಮೇಲೆ ಒಳಗೆ ಇಳಿಯುವುದೇ ಇಲ್ಲ. ಚಿಪ್ಪಿಗೆ ಜಾಗ ಕಾಯ್ದಿಡಲು ಟೆಫ್ಲಾನ್ ಪಟ್ಟಿ ಬಳಸುತ್ತಾರೆ. ಗೆರೆಪಟ್ಟಿಗಳ ನಡುವೆ ಅದನ್ನಿಟ್ಟು ಅಂಟಿಸಿ, ಒಣಗಿದ ಮೇಲೆ ಎಳೆದುಬಿಡಿ. ಟೆಫ್ಲಾನ್‌ಗೆ ಅಂಟು ಹಿಡಿಯುವುದಿಲ್ಲ, ಚಿಪ್ಪಿಗೆ ಬೇಕಾದ ಅಗಲದ ಜಾಗ ಹಾಗೇ ಉಳಿಯುತ್ತದೆ. ಉಂಗುರದ ಎರಡು ತುದಿ ಸೇರುವ ಜಾಗವನ್ನು ಫಿಂಗರ್‌ಬೋರ್ಡ್ (ಬೆರಳು ಒತ್ತುವ ಪಟ್ಟಿ) ಕಡೆಗೆ ಇಡಿ, ಅದರ ಕೆಳಗೆ ಮುಚ್ಚಿಹೋಗುತ್ತದೆ.

ಕ್ಲಾಸಿಕಲ್ ಗಿಟಾರ್‌ನ ಮೊಸಾಯಿಕ್ ಬೇರೆಯದೇ ಲೆಕ್ಕ. ಬಣ್ಣದ ವೆನೀರ್‌ಗಳನ್ನು (ತೆಳು ಮರದ ಹಾಳೆಗಳನ್ನು) ಅಂಟಿಸಿ, ಸೀಳಿ, ಮತ್ತೆ ಜೋಡಿಸಿ ಒಂದು ಕಡ್ಡಿ ಮಾಡುತ್ತಾರೆ. ಅದನ್ನು ಹೋಳು ಮಾಡಿದರೆ ಪ್ರತಿ ಹೋಳಿನಲ್ಲೂ ಒಂದೇ ಚಿತ್ತಾರ. ಆದರೆ ಚೌಕ ಹೋಳುಗಳಿಂದ ವೃತ್ತ ಆಗುವುದಿಲ್ಲ. ಹೊರ ವ್ಯಾಸ 130, ಒಳ ವ್ಯಾಸ 116 ಮಿ.ಮೀ. ಅಂದುಕೊಳ್ಳಿ. ಸುತ್ತಳತೆ ಸುಮಾರು 408 ಮತ್ತು 364. ಹೊರಗೆ 4 ಮಿ.ಮೀ. ಅಗಲದ 102 ಹೋಳು ಹಿಡಿಯುತ್ತವೆ. ಅದೇ ಹೋಳು ಒಳಗೆ 3.57 ಮಿ.ಮೀ. ಮಾತ್ರ ಇರಬೇಕು. ಹಾಗಾಗಿ ಕಡ್ಡಿಯನ್ನು ಹೋಳು ಮಾಡುವ ಮೊದಲೇ ಒಂದು ಕಡೆಗೆ ಕಿರಿದಾಗುವಂತೆ ಹೆರೆಯಬೇಕು.

ಸಮ ಮಾಡುವಾಗ ಬಿದ್ರಿಯ ದಾರಿ ಪೂರ್ತಿ ತಿರುಗುಮುರುಗು. ಅಲ್ಲಿ ಎಲ್ಲ ಉಜ್ಜಿ ನಯ ಮಾಡಿದ ಮೇಲೆ ಕೋಟೆಯ ಮಣ್ಣು, ನವಸಾಗರ ಸೇರಿಸಿ ಕಪ್ಪು ಮಾಡುತ್ತಾರೆ. ಕಪ್ಪು ಮಿಶ್ರಲೋಹಕ್ಕಷ್ಟೇ ಹಿಡಿಯುತ್ತದೆ, ಬೆಳ್ಳಿ ಬಿಳಿಯಾಗೇ ಉಳಿಯುತ್ತದೆ. ಗಿಟಾರ್‌ನಲ್ಲಿ ಕಪ್ಪು ಮೊದಲೇ ಒಳಗಿದೆ. ಬೀಟೆ ಮರ, ಕರಿ ಪಟ್ಟಿಗಳ ಪುಡಿ ಬಿಳಿ ಸ್ಪ್ರೂಸ್‌ನ ಎಳೆಯೊಳಗೆ ಸೇರಿದರೆ ಹೊರಡುವುದು ಕಷ್ಟ. ಅದಕ್ಕೇ ತೋಡಿನ ಒಳಗೆ, ಅಂಚಿನ ಸುತ್ತ ಮೊದಲೇ ಅರಗಿನ ಪಾಲಿಶ್ ಹಚ್ಚಿ ಎಳೆ ಮುಚ್ಚಿರಬೇಕು. ಚಿಪ್ಪು ಅಂಟಿಸುವ ತೆಳು ಸೂಪರ್ ಗ್ಲೂ ಮರದೊಳಗೆ ಹರಿದು ಕಲೆ ಮಾಡುವುದನ್ನೂ ಇದೇ ತಡೆಯುತ್ತದೆ. ಸ್ಯಾಂಡ್‌ಪೇಪರ್‌ಗಿಂತ ಮೊದಲು ಸ್ಕ್ರೇಪರ್ (ಹೆರೆಯುವ ಉಕ್ಕಿನ ತಗಡು) ಬಳಸಿ, ಪುಡಿ ಕಡಿಮೆ. ಚಿಪ್ಪಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಇಲ್ಲದೆ ಕೂರಲೇಬೇಡಿ.

ಟಾಪ್ ಅನ್ನು ಕೊನೆಯ ದಪ್ಪಕ್ಕೆ ತರುವುದು ಹಿಂಬದಿಯಿಂದ. 2.8 ಮಿ.ಮೀ.ಗೆ ಇಳಿಸಿದರೆ ತೋಡಿನ ಕೆಳಗೆ 1.3 ಮಾತ್ರ ಉಳಿಯುತ್ತದೆ. ಇಲ್ಲಿಗೆ ಬಂದ ಮೇಲೆ ಅದೇ ಪಿನ್‌ನಿಂದ ಸೌಂಡ್‌ಹೋಲ್ ಕತ್ತರಿಸಿ. ಅರ್ಧ ಮುಂದಿನಿಂದ, ಅರ್ಧ ಹಿಂದಿನಿಂದ ಕತ್ತರಿಸಿದರೆ ಅಂಚು ಹರಿಯುವುದಿಲ್ಲ.