ಸಿಕ್ಕಿಬಿದ್ದ ಮೇಲೆ ಲೈಸೆನ್ಸ್ ಮಾಡಿಸಿಕೊಂಡರೆ ಕೇಸು ಬಿದ್ದುಹೋಗುತ್ತದೆಯೇ?

ಪ್ರಶ್ನೆ: ಡಿಎಲ್ ಅವಧಿ ಮುಗಿದು ಇಪ್ಪತ್ತು ದಿನ ಆಗಿತ್ತು. ಅಷ್ಟರಲ್ಲಿ ಪೊಲೀಸರು ಹಿಡಿದು ಕೇಸ್ ಹಾಕಿದರು. ಈಗ ಕೋರ್ಟಿನಿಂದ ಸಮನ್ಸ್ ಬಂದಿದೆ. ಈ ಮಧ್ಯೆ ರಿನ್ಯೂವಲ್ ಆಗಿ ಹೊಸ ಕಾರ್ಡ್ ಕೈಗೆ ಬಂದಿದೆ. 30 ದಿನ ಗ್ರೇಸ್ ಇರುತ್ತದಂತಲ್ಲ, ಹೊಸ ಕಾರ್ಡ್ ತೋರಿಸಿದರೆ ಕೇಸು ವಜಾ ಆಗುತ್ತದೆಯೇ?

ಉತ್ತರ: ಆಗುವುದಿಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಅದೇ ಬರುತ್ತದೆ, ಅದರ ಜೊತೆ ಆ 30 ದಿನದ ಮಾತೂ ಬರುತ್ತದೆ. ಆದ್ದರಿಂದ ಈ ಸಲ ಅದನ್ನು ಬುಡಸಮೇತ ಕಿತ್ತುಹಾಕೋಣ.

30 ದಿನದ ರಿಯಾಯಿತಿ ಹಿಂದೆ ನಿಜವಾಗಿಯೂ ಇತ್ತು. 1988ರ ಮೋಟಾರು ವಾಹನ ಕಾಯ್ದೆಯ ಕಲಂ 14ರಲ್ಲಿ, ಅವಧಿ ಮುಗಿದ ಮೇಲೂ ಲೈಸೆನ್ಸ್ 30 ದಿನ ಚಾಲ್ತಿಯಲ್ಲಿರುತ್ತದೆ ಎಂದು ಬರೆದಿತ್ತು. 2019ರ ತಿದ್ದುಪಡಿ ಆ ಸಾಲನ್ನು ತೆಗೆದುಹಾಕಿತು. ಆ ವರ್ಷದ ಸೆಪ್ಟೆಂಬರ್ 1ರಿಂದ, ಕಾರ್ಡಿನ ಮೇಲಿರುವ ಕೊನೆಯ ದಿನಾಂಕವೇ ಕೊನೆ. ಮರುದಿನ ಬೆಳಗ್ಗೆ ಗಾಡಿ ತೆಗೆದರೂ ಅದು ಲೈಸೆನ್ಸ್ ಇಲ್ಲದ ಚಾಲನೆ. ಕೋವಿಡ್ ಕಾಲದಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಅವಧಿ ಮುಗಿದ ದಾಖಲೆಗಳನ್ನು ಮತ್ತೆ ಮತ್ತೆ ವಿಸ್ತರಿಸಿ, 2021ರ ಅಕ್ಟೋಬರ್ 31ರವರೆಗೆ ಮಾನ್ಯ ಮಾಡಿದ್ದೂ ಈ ಗೊಂದಲಕ್ಕೆ ನೀರೆರೆಯಿತು. ಅದೂ ಮುಗಿದ ಕಥೆ.

"ಕಾಯ್ದೆಯೇ ರಿನ್ಯೂವಲ್‌ಗೆ ಒಂದು ವರ್ಷ ಕೊಟ್ಟಿದೆಯಲ್ಲ" ಎಂದು ಇನ್ನು ಕೆಲವರು ವಾದಿಸುತ್ತಾರೆ. ಆ ಒಂದು ವರ್ಷ ಅರ್ಜಿ ಹಾಕುವುದಕ್ಕೆ, ಗಾಡಿ ಓಡಿಸುವುದಕ್ಕಲ್ಲ. ಅವಧಿ ಮುಗಿದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕಾಗಿಲ್ಲ, ವರ್ಷ ದಾಟಿದರೆ ಕೊಡಬೇಕು. ಆ ಗಡುವಿನ ಅರ್ಥ ಇಷ್ಟೇ. ಅವಧಿ ಮುಗಿದ ಮೇಲೆ ಅರ್ಜಿ ಹಾಕಿದರೆ, ರಿನ್ಯೂವಲ್ ಆದ ದಿನದಿಂದ ಮಾತ್ರ ಹೊಸ ಅವಧಿ ಶುರುವಾಗುತ್ತದೆ, ಹಿಂದಿನಿಂದ ಜೋಡಣೆಯಾಗುವುದಿಲ್ಲ. ನಡುವೆ ಬಿದ್ದ ಆ ಖಾಲಿ ದಿನಗಳು ದಾಖಲೆಯಲ್ಲಿ ಖಾಲಿಯಾಗಿಯೇ ಉಳಿಯುತ್ತವೆ. ಕೋರ್ಟಿನಲ್ಲಿ ನೀವು ತೋರಿಸುವ ಹೊಸ ಕಾರ್ಡ್, ಹಿಡಿದ ದಿನ ನಿಮ್ಮ ಬಳಿ ಲೈಸೆನ್ಸ್ ಇರಲಿಲ್ಲ ಎಂಬುದನ್ನೇ ಸಾಬೀತು ಮಾಡುತ್ತದೆ! ಅರ್ಜಿ ಹಾಕಿದ ರಸೀದಿಯೂ ಲೈಸೆನ್ಸ್ ಅಲ್ಲ.

ಲೈಸೆನ್ಸೇ ಇಲ್ಲದವರು ಸಮನ್ಸ್ ಬಂದ ಮೇಲೆ ಮಾಡಿಸಿಕೊಳ್ಳುವ ಕಥೆಯೂ ಇದೇ. ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಪಡೆದು ಕನಿಷ್ಠ 30 ದಿನ ಆಗದೆ ಡಿಎಲ್ ಟೆಸ್ಟಿಗೆ ಕೂರುವಂತಿಲ್ಲ. ಅದಾಗಿ ಕಾರ್ಡ್ ಬಂದರೂ ಹಿಂದಿನ ದಿನಕ್ಕೆ ಅದು ಅನ್ವಯಿಸುವುದಿಲ್ಲ. ಇಳಿದ ಮೇಲೆ ಕೊಂಡ ಟಿಕೆಟ್‌ನಿಂದ ಮುಗಿದುಹೋದ ರೈಲು ಪ್ರಯಾಣ ಸಕ್ರಮವಾಗುತ್ತದೆಯೇ?

ಈ ಟಿಕೆಟ್‌ನ ಮಾತು ಸುಮ್ಮನೆ ತಂದದ್ದಲ್ಲ, ಸಾಕ್ಷ್ಯದ ಕಾನೂನಿನಲ್ಲೇ ಆ ಉದಾಹರಣೆ ಇದೆ. ಟಿಕೆಟ್ ಇಲ್ಲದೆ ಪ್ರಯಾಣಿಸಿದ ಆರೋಪ ಬಂದರೆ, ಟಿಕೆಟ್ ಇತ್ತು ಎಂದು ತೋರಿಸುವ ಹೊಣೆ ಪ್ರಯಾಣಿಕನದು. ಹಿಂದೆ ಇದು ಸಾಕ್ಷ್ಯ ಅಧಿನಿಯಮದ ಕಲಂ 106ರಲ್ಲಿತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 109. ಲೈಸೆನ್ಸ್ ವಿಚಾರದಲ್ಲೂ ತರ್ಕ ಅದೇ. ಗಾಡಿ ಓಡಿಸುತ್ತಿದ್ದವರು ನೀವೇ, ಅದು ಮೋಟಾರು ವಾಹನ, ಜಾಗ ಸಾರ್ವಜನಿಕರಿಗೆ ಹಕ್ಕಿನಿಂದ ಪ್ರವೇಶವಿರುವಂಥದ್ದು: ಇಷ್ಟನ್ನು ಪೊಲೀಸರು ತೋರಿಸಬೇಕು. ಅಂದು, ಆ ಹೊತ್ತಿಗೆ, ಆ ವರ್ಗದ ಗಾಡಿಗೆ ನಿಮ್ಮ ಬಳಿ ಲೈಸೆನ್ಸ್ ಇತ್ತು ಎಂದು ತೋರಿಸಬೇಕಾದವರು ನೀವು.

'ಆ ವರ್ಗದ' ಎಂಬುದನ್ನು ಗಮನಿಸಿ. ಗೇರ್ ಇಲ್ಲದ ಸ್ಕೂಟರಿಗೆ ಪಡೆದ ಲೈಸೆನ್ಸ್ ಇಟ್ಟುಕೊಂಡು ಗೇರ್ ಬೈಕ್ ಓಡಿಸಿದರೆ ಅದೂ ಲೈಸೆನ್ಸ್ ಇಲ್ಲದೆ ಓಡಿಸಬಾರದು ಎನ್ನುವ ಮೋಟಾರು ವಾಹನ ಕಾಯ್ದೆಯ ಕಲಂ 3ರ ಉಲ್ಲಂಘನೆ. ಕಾರಿನ ಎಲ್‌ಎಲ್‌ಆರ್ ಇದ್ದು, ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂರದೆ ಒಬ್ಬರೇ ಓಡಿಸಿದರೂ ಅಷ್ಟೆ. ಆದರೆ ಲಘು ಮೋಟಾರು ವಾಹನದ, ಅಂದರೆ ಎಲ್‌ಎಂವಿ ಲೈಸೆನ್ಸ್‌ನಲ್ಲಿ ಹಳದಿ ಬೋರ್ಡಿನ ಸಣ್ಣ ಗಾಡಿ ಓಡಿಸಿದವರು ಗಾಬರಿಯಾಗಬೇಕಿಲ್ಲ. ಒಟ್ಟು ತೂಕ 7,500 ಕೆ.ಜಿ. ಮೀರದ ಸಾರಿಗೆ ವಾಹನಕ್ಕೆ ಎಲ್‌ಎಂವಿ ಲೈಸೆನ್ಸೇ ಸಾಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದೆ.

ಹಾಗಾದರೆ ಯಾರ ಕೇಸು ನಿಲ್ಲುವುದಿಲ್ಲ? ಲೈಸೆನ್ಸ್ ಚಾಲ್ತಿಯಲ್ಲಿದ್ದು, ಆ ಹೊತ್ತಿಗೆ ಜೇಬಿನಲ್ಲಿ ಇರಲಿಲ್ಲ ಎನ್ನುವವರದು. ಲೈಸೆನ್ಸ್ ಇಲ್ಲದಿರುವುದು ಬೇರೆ, ಜೊತೆಯಲ್ಲಿ ಇಟ್ಟುಕೊಳ್ಳದಿರುವುದು ಬೇರೆ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದರೂ ನಡೆಯುತ್ತದೆ, ಗ್ಯಾಲರಿಯಲ್ಲಿರುವ ಫೋಟೊ ನಡೆಯುವುದಿಲ್ಲ. ಇಲ್ಲಿ ಎಡವಟ್ಟಾಗುವುದು ಹಳೆಯ ಪುಸ್ತಕದ ಲೈಸೆನ್ಸ್ ಇರುವವರಿಗೆ. ಅವರ ವಿವರ ಸಾರಥಿ ಎಂಬ ಆನ್‌ಲೈನ್ ಲೈಸೆನ್ಸ್ ದಾಖಲೆಗೆ ಏರದೇ ಉಳಿದಿದ್ದರೆ, ನಂಬರ್ ಹಾಕಿದಾಗ ಏನೂ ಸಿಗುವುದಿಲ್ಲ, ಕೇಸು ಬೀಳುತ್ತದೆ. ಲೈಸೆನ್ಸ್ ಕೊಟ್ಟ ಆರ್‌ಟಿಒ ಕಚೇರಿಯಲ್ಲಿ ಬ್ಯಾಕ್‌ಲಾಗ್ ಎಂಟ್ರಿ (ಹಳೆಯ ವಿವರವನ್ನು ಸಾರಥಿಗೆ ಏರಿಸುವುದು) ಮಾಡಿಸಿ, ಡಿಎಲ್ ಎಕ್ಸ್‌ಟ್ರ್ಯಾಕ್ಟ್ (ಲೈಸೆನ್ಸ್ ದಾಖಲೆಯ ಅಧಿಕೃತ ಪ್ರತಿ) ತೆಗೆಸಿ, ಅಸಲು ಪುಸ್ತಕದ ಜೊತೆ ಕೋರ್ಟಿಗೆ ಕೊಡಿ. ಎಕ್ಸ್‌ಟ್ರ್ಯಾಕ್ಟ್‌ನಲ್ಲಿ ಲೈಸೆನ್ಸ್ ಶುರುವಾದ ಮತ್ತು ಮುಗಿಯುವ ಎರಡು ದಿನಾಂಕ, ವಾಹನದ ವರ್ಗ ಇರುತ್ತದೆ. ಕೇಸಿನ ದಿನ ಆ ಎರಡರ ನಡುವೆ ಬಿದ್ದರೆ, ಲೈಸೆನ್ಸ್ ಇಲ್ಲದೆ ಓಡಿಸಿದ್ದಕ್ಕೆ ಹಾಕುವ ಕಲಂ 181ರ ಆರೋಪಕ್ಕೆ ತಳಹದಿಯೇ ಇರುವುದಿಲ್ಲ.

ಇನ್ನು ಪ್ರಶ್ನೆ ಕೇಳಿದವರ ದಾರಿ. ಕಲಂ 181ರ ಶಿಕ್ಷೆ ಮೂರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿ ದಂಡ, ಅಥವಾ ಎರಡೂ. ತಿದ್ದುಪಡಿಗೆ ಮುಂಚೆ ದಂಡ 500 ರೂಪಾಯಿವರೆಗೆ ಎಂದಿತ್ತು. ಈಗ 'ವರೆಗೆ' ಎಂಬ ಪದ ಜೈಲಿಗೆ ಮಾತ್ರ ಉಳಿದಿದೆ. ಇದು ಜಾಮೀನು ಸಿಗುವ ಅಪರಾಧ. ಜೊತೆಗೆ ಬೇರೆ ಆರೋಪ ಇಲ್ಲದಿದ್ದರೆ ಸಾಮಾನ್ಯವಾಗಿ ದಂಡದಲ್ಲೇ ಮುಗಿಯುತ್ತದೆ. ಕಲಂ 200ರಡಿ ಅಧಿಕೃತ ಅಧಿಕಾರಿ ರಾಜಿ ಮಾಡಿಸಿಕೊಳ್ಳುವ (ಕೇಸು ಕೋರ್ಟಿಗೆ ಹೋಗದೆ ಹಣ ಕಟ್ಟಿಸಿಕೊಂಡು ಮುಗಿಸುವ) ಮೊತ್ತವನ್ನು ರಾಜ್ಯ ಸರ್ಕಾರ ಅಧಿಸೂಚನೆಯಲ್ಲಿ ನಿಗದಿ ಮಾಡುತ್ತದೆ. ಸ್ಥಳದಲ್ಲಿ ಕಟ್ಟುವ ದಂಡಕ್ಕೂ ಕೋರ್ಟಿನ ದಂಡಕ್ಕೂ ವ್ಯತ್ಯಾಸ ಬರುವುದು ಇದರಿಂದ.

ಸಮನ್ಸ್ ಬಂದಿದ್ದರೆ ಮೊದಲು ಅದನ್ನು ಪೂರ್ತಿ ಓದಿ. ಕಲಂ 208ರಡಿ, ಖುದ್ದಾಗಿ ಅಥವಾ ವಕೀಲರ ಮೂಲಕ ಹಾಜರಾಗುವ ಬದಲು ತಪ್ಪೊಪ್ಪಿಕೊಂಡು ಸೂಚಿಸಿದ ಹಣ ಕಳಿಸಬಹುದು ಎಂದು ಮ್ಯಾಜಿಸ್ಟ್ರೇಟ್ ಅದರಲ್ಲೇ ನಮೂದಿಸಿರಬಹುದು. ಹೇಳಿದ ದಿನಾಂಕದೊಳಗೆ ಹಾಗೆ ಮಾಡಿದರೆ ಆ ಅಪರಾಧದ ಮೇಲೆ ಮುಂದಿನ ನಡಾವಳಿ ಇಲ್ಲ, ಲೈಸೆನ್ಸ್ ಅನರ್ಹತೆಯೂ ಇಲ್ಲ. ಚಲನ್ ಆನ್‌ಲೈನ್‌ನಲ್ಲಿ ನಡೆಯುವ ವರ್ಚುವಲ್ ಕೋರ್ಟಿಗೆ ಹೋಗಿದ್ದರೆ ಅಲ್ಲಿ ಎರಡೇ ಆಯ್ಕೆ: ಸೂಚಿಸಿದ ದಂಡ ಕಟ್ಟುವುದು, ಇಲ್ಲವೇ ಕೇಸು ನಡೆಸುತ್ತೇನೆ ಎನ್ನುವುದು. ಎರಡನೆಯದನ್ನು ಒತ್ತಿದರೆ ಕಡತ ಸಾಮಾನ್ಯ ಕೋರ್ಟಿಗೆ ಹೋಗುತ್ತದೆ. ಸಮನ್ಸ್ ಕಡೆಗಣಿಸಿ ಕೂತರೆ ಮಾತ್ರ ವಾರಂಟ್ ಬರುತ್ತದೆ, ಆಗ 5,000 ರೂಪಾಯಿಯ ಕೇಸು ಬೇರೆಯೇ ತಲೆನೋವಾಗುತ್ತದೆ. ಗಾಡಿಯನ್ನು ಕಲಂ 207ರಡಿ ಹಿಡಿದಿಟ್ಟಿದ್ದರೆ, ಬಿಡಿಸಿಕೊಳ್ಳಲು ಮಾಲೀಕರು ದಾಖಲೆಗಳೊಂದಿಗೆ ಪ್ರತ್ಯೇಕವಾಗಿ ಅರ್ಜಿ ಕೊಡಬೇಕು.

ಮಾಲೀಕರು ಎಂದಾಗ ಒಂದು ವಿಷಯ ಹೇಳಲೇಬೇಕು, ಯಾರೂ ಕೇಳದಿದ್ದರೂ. ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟವರ ಮೇಲೆ ಕಲಂ 180ರಡಿ ಪ್ರತ್ಯೇಕ ಕೇಸು, ಶಿಕ್ಷೆ 181ರಷ್ಟೇ. ಓಡಿಸಿದ್ದು ಅಪ್ರಾಪ್ತ ಮಗನೋ ಮಗಳೋ ಆಗಿದ್ದರೆ ಕಲಂ 199ಎ: ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಆ ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಅವರ ಒಪ್ಪಿಗೆಯಿಂದಲೇ ಗಾಡಿ ಹೋಯಿತು ಎಂದು ಕೋರ್ಟ್ ಭಾವಿಸಿಕೊಳ್ಳುತ್ತದೆ, ಅಲ್ಲ ಎಂದು ತೋರಿಸುವ ಹೊಣೆ ಅವರದು.

ದೊಡ್ಡ ಹೊಡೆತ ಬೀಳುವುದು ಅಪಘಾತವಾದಾಗ. ಲೈಸೆನ್ಸ್ ಇಲ್ಲದ ಮಾತ್ರಕ್ಕೆ ಅಪಘಾತಕ್ಕೆ ಓಡಿಸಿದವರೇ ಕಾರಣ ಎಂದು ಕೋರ್ಟ್ ತೀರ್ಮಾನಿಸುವುದಿಲ್ಲ, ನಿರ್ಲಕ್ಷ್ಯವನ್ನು ಬೇರೆಯಾಗಿ ಸಾಬೀತುಪಡಿಸಬೇಕು. ಗಾಯಗೊಂಡ ಮೂರನೆಯವರಿಗೂ ಸಾಮಾನ್ಯವಾಗಿ ಪರಿಹಾರ ತಪ್ಪುವುದಿಲ್ಲ. ಮೊದಲು ವಿಮಾ ಕಂಪನಿ ಕಟ್ಟಲಿ, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಎಂಬ ಕ್ರಮವನ್ನು ಸುಪ್ರೀಂ ಕೋರ್ಟ್ 2004ರಲ್ಲಿ ವಿವರವಾಗಿ ಹೇಳಿದೆ. ವಸೂಲಿಯಾಗುವ ಮೊತ್ತ ಲಕ್ಷಗಳಲ್ಲಿರುತ್ತದೆ. ಅದೇ ತೀರ್ಪಿನಂತೆ, ಚಾಲಕರಿಗೆ ಲೈಸೆನ್ಸ್ ಇರಲಿಲ್ಲ ಎಂದರಷ್ಟೇ ಕಂಪನಿಗೆ ಸಾಲದು. ಮಾಲೀಕರು ಗೊತ್ತಿದ್ದೂ ಕೊಟ್ಟರು, ಅಥವಾ ವಿಚಾರಿಸಬೇಕಾದಷ್ಟು ವಿಚಾರಿಸಲಿಲ್ಲ ಎಂದೂ ತೋರಿಸಬೇಕು. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಚಾಲಕರ ಲೈಸೆನ್ಸ್ ನೋಡಿ, ಪ್ರತಿ ಇಟ್ಟುಕೊಂಡು, ಅವಧಿ ಮುಗಿಯುವ ದಿನ ಬರೆದಿಟ್ಟ ಮಾಲೀಕರಿಗೆ ಇಲ್ಲಿ ಹೇಳಿಕೊಳ್ಳಲು ಏನಾದರೂ ಇರುತ್ತದೆ.

ಆದ್ದರಿಂದ ಅಪಘಾತದ ಚಾರ್ಜ್‌ಶೀಟಿನಲ್ಲಿ "ಕಲಂ 3 ಜೊತೆಗೆ 181" ಎಂದು ಸೇರಿದ್ದರೆ, ಬೇಗ ಮುಗಿಯಲಿ ಎಂದು ಮೊದಲ ದಿನವೇ ತಪ್ಪೊಪ್ಪಿಕೊಂಡು ದಂಡ ಕಟ್ಟಬೇಡಿ. ಆ ಆದೇಶದ ಪ್ರತಿ ಪರಿಹಾರ ನ್ಯಾಯಮಂಡಳಿಯಲ್ಲಿ ವಿಮಾ ಕಂಪನಿಯ ವಕೀಲರ ಕೈಯಲ್ಲಿರುತ್ತದೆ. ತಪ್ಪೊಪ್ಪಿಗೆಗೆ ಮುಂಚೆ, ಪರಿಹಾರದ ಕೇಸು ನಡೆಸುವ ವಕೀಲರಿಗೆ ಚಾರ್ಜ್‌ಶೀಟ್ ಮತ್ತು ಡಿಎಲ್ ಎಕ್ಸ್‌ಟ್ರ್ಯಾಕ್ಟ್ ಎರಡನ್ನೂ ತೋರಿಸಿ.