ಎಳೆ ಮೂಳೆಯ ಲೆಕ್ಕ

ಆರು ತಿಂಗಳ ನಾಯಿಮರಿ ನೋಡಲು ಬೆಳೆದ ನಾಯಿಯಂತೆಯೇ ಇರುತ್ತದೆ. ಎಕ್ಸ್‌ರೇ ತೆಗೆದರೆ ನಿಜ ಗೊತ್ತಾಗುತ್ತದೆ. ಕಾಲಿನ ಉದ್ದ ಮೂಳೆಗಳ ತುದಿಯಲ್ಲಿ, ಕೀಲಿನ ಹತ್ತಿರ, ತೆಳ್ಳನೆಯ ಕಪ್ಪು ಗೆರೆಯೊಂದು ಕಾಣಿಸುತ್ತದೆ. ಅಲ್ಲಿರುವುದು ಇನ್ನೂ ಮೂಳೆಯಾಗದ ಮೃದ್ವಸ್ಥಿ. ಮೂಳೆ ಉದ್ದಕ್ಕೆ ಬೆಳೆಯುವುದು ಇಲ್ಲಿಂದಲೇ. ಈ ಬೆಳವಣಿಗೆ ಫಲಕಗಳು ಸಣ್ಣ ತಳಿಗಳಲ್ಲಿ ವರ್ಷದೊಳಗೆ ಮುಚ್ಚಿಕೊಳ್ಳುತ್ತವೆ. ಭಾರೀ ತಳಿಗಳಲ್ಲಿ ಒಂದೂವರೆ ವರ್ಷವೂ ಹಿಡಿಯಬಹುದು. ಸಂತಾನಹರಣ ಯಾವಾಗ ಮಾಡಿಸಬೇಕೆಂದು ಕೇಳುವವರು ಮೊದಲು ನೋಡಬೇಕಾದ್ದು ಈ ಗೆರೆಯನ್ನು.

ಫಲಕ ಮುಚ್ಚಲು ಸೂಚನೆ ಕೊಡುವುದು ಲೈಂಗಿಕ ಹಾರ್ಮೋನುಗಳು. ವೃಷಣ ಅಥವಾ ಅಂಡಾಶಯವನ್ನು ಬೇಗ ತೆಗೆದರೆ ಆ ಸೂಚನೆ ತಡವಾಗುತ್ತದೆ, ಕಾಲು ತುಸು ಉದ್ದವಾಗುತ್ತದೆ. ಉದ್ದವಾದರೇನಂತೆ ಎನ್ನಬಹುದು. ತೊಡಕಿರುವುದು ಉದ್ದದಲ್ಲಲ್ಲ, ಹೊಂದಾಣಿಕೆಯಲ್ಲಿ. ಕೆಲವು ಫಲಕಗಳು ಆಗಲೇ ಮುಚ್ಚಿರುತ್ತವೆ, ಉಳಿದವು ಬೆಳೆಯುತ್ತಲೇ ಇರುತ್ತವೆ. ಹಾಗಾದಾಗ ಮಂಡಿಯಲ್ಲಿ ಮೂಳೆಗಳು ಕೂಡುವ ಕೋನ ಬದಲಾಗಿ, ಅವನ್ನು ಹಿಡಿದಿಟ್ಟಿರುವ ಅಸ್ಥಿರಜ್ಜಿನ ಮೇಲೆ ಎಳೆತ ಹೆಚ್ಚಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 759 ಗೋಲ್ಡನ್ ರಿಟ್ರೀವರ್‌ಗಳ ದಾಖಲೆ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಪರೇಷನ್ ಆಗದ ನಾಯಿಗಳಲ್ಲಿ ಮಂಡಿಯ ರಜ್ಜು ಹರಿದ ಒಂದು ಪ್ರಕರಣವೂ ಸಿಗಲಿಲ್ಲ. ವರ್ಷ ತುಂಬುವ ಮೊದಲೇ ಮಾಡಿಸಿದ ಗಂಡುಗಳಲ್ಲಿ ಅದು ಶೇ. 5, ಹೆಣ್ಣುಗಳಲ್ಲಿ ಶೇ. 8. ಆದರೆ ಇದನ್ನು ಎಲ್ಲ ನಾಯಿಗಳಿಗೂ ಅನ್ವಯಿಸುವಂತಿಲ್ಲ. ಅದೇ ತಂಡ 2020ರಲ್ಲಿ 35 ತಳಿಗಳನ್ನು ನೋಡಿದಾಗ, ಸಣ್ಣ ತಳಿಗಳಲ್ಲಿ ಕೀಲಿನ ತೊಂದರೆ ಹೆಚ್ಚಿದ್ದು ಕಾಣಲಿಲ್ಲ.

ಹಾಗಾಗಿ ತೂಕವೇ ಒಳ್ಳೆಯ ಅಳತೆಗೋಲು. ಬೆಳೆದ ಮೇಲೆ 20 ಕಿಲೋ ದಾಟದ ನಾಯಿಗೆ ಆರು ತಿಂಗಳ ಸುಮಾರಿಗೆ, ಹೆಣ್ಣಾದರೆ ಮೊದಲ ಬೆದೆಗೆ ಮುಂಚೆ ಮಾಡಿಸಬಹುದು. ಅದಕ್ಕಿಂತ ದೊಡ್ಡ ಗಂಡಿಗೆ ಬೆಳವಣಿಗೆ ನಿಲ್ಲುವ ತನಕ, ಅಂದರೆ 9ರಿಂದ 15 ತಿಂಗಳವರೆಗೆ ಕಾಯುವುದು ಮೇಲು. ದೊಡ್ಡ ಹೆಣ್ಣಿನದೇ ಕಷ್ಟದ ಲೆಕ್ಕ. ಬೇಗ ಮಾಡಿಸಿದರೆ ಕೀಲಿನ ಭಯ, ಮುಂದೆ ಮೂತ್ರ ಸೋರುವ ಸಾಧ್ಯತೆ. ತಡಮಾಡಿದರೆ ಸ್ತನದ ಗೆಡ್ಡೆಯ, ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯ. ಸ್ತನದ ಗೆಡ್ಡೆಯ ವಿಷಯದಲ್ಲಿ, ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಶೇ. 0.5, ಮೊದಲ ಬೆದೆಯ ನಂತರವಾದರೆ 8, ಎರಡನೆಯದರ ನಂತರವಾದರೆ 26 ಎಂಬ 1969ರ ಅಂಕಿಗಳು ಇಂದಿಗೂ ಓಡಾಡುತ್ತಿವೆ. ಎರಡನೇ ಬೆದೆಯ ನಂತರ ಮಾಡಿಸಿದ ನೂರರಲ್ಲಿ 26 ನಾಯಿಗೆ ಕ್ಯಾನ್ಸರ್ ಬರುತ್ತದೆ ಎಂದು ಓದಿಕೊಳ್ಳುವವರೇ ಹೆಚ್ಚು. ಅದು ತಪ್ಪು. ಆಪರೇಷನ್ ಆಗದ ಹೆಣ್ಣಿಗಿರುವ ಅಪಾಯದ ನೂರು ಪಾಲಿನಲ್ಲಿ 26 ಪಾಲು ಉಳಿಯುತ್ತದೆ ಎಂದಷ್ಟೇ ಅದರ ಅರ್ಥ.

ಬೆದೆಯಲ್ಲಿದ್ದಾಗ ರಕ್ತನಾಳಗಳು ಉಬ್ಬಿ ರಕ್ತಸ್ರಾವ ಹೆಚ್ಚುವುದರಿಂದ, ಬೆದೆ ಮುಗಿದು ಎರಡು-ಮೂರು ತಿಂಗಳಾದ ಮೇಲೆ ದಿನ ಗೊತ್ತುಮಾಡಿ. ಗಂಡು ಆಪರೇಷನ್ ಆದ ಮರುದಿನವೇ ನಿರಪಾಯಿಯಲ್ಲ. ನಾಳದಲ್ಲಿ ಉಳಿದ ವೀರ್ಯದಿಂದ ಕೆಲವು ವಾರ ಗರ್ಭ ಕಟ್ಟಬಹುದು, ಒಂದೂವರೆ ತಿಂಗಳು ಬೆದೆಯ ಹೆಣ್ಣಿನಿಂದ ದೂರವಿಡಿ. ಗಾಯ ನೆಕ್ಕದಂತೆ ಕುತ್ತಿಗೆಗೆ ಕೋನ್ ಹಾಕಿ, 10ರಿಂದ 14 ದಿನ ಓಟ-ನೆಗೆತ ಬಂದ್. ಆಮೇಲೆ ಊಟ ಸುಮಾರು ಕಾಲು ಭಾಗ ಇಳಿಸಬೇಕಾಗುತ್ತದೆ. ಹಸಿವು ಏರುತ್ತದೆ, ದೇಹ ಖರ್ಚುಮಾಡುವ ಶಕ್ತಿ ಇಳಿಯುತ್ತದೆ. ಆದರೆ ಇನ್ನೂ ಬೆಳೆಯುತ್ತಿರುವ ಮರಿಯಾದರೆ ಆಹಾರ ಮರಿಗಳದ್ದೇ ಇರಲಿ, ಅಳತೆಯನ್ನಷ್ಟೇ ತೂಕ ನೋಡಿ ತಗ್ಗಿಸಿ.

ಇನ್ನು ತಿನ್ನುವ ಮೂಳೆ. ಬೇಯಿಸಿದ್ದು, ಸುಟ್ಟದ್ದು, ಹೊಗೆಯಾಡಿಸಿದ್ದು ಯಾವುದೂ ಬೇಡ. ಮೂಳೆಗೆ ಬಾಗುವ ಗುಣ ಕೊಡುವುದು ಕೊಲಾಜೆನ್. ಬೆಂದಾಗ ಅದು ಜೆಲಟಿನ್ ಆಗಿ ಕರಗಿಹೋಗುತ್ತದೆ, ಉಳಿಯುವುದು ಸೀಮೆಸುಣ್ಣದಂಥ ಖನಿಜ. ಕಚ್ಚಿದರೆ ಸೂಜಿಯಂತೆ ಸೀಳುತ್ತದೆ, ಗಂಟಲಲ್ಲೋ ಕರುಳಲ್ಲೋ ಚುಚ್ಚುತ್ತದೆ.

ಹಸಿ ಮೂಳೆಯಲ್ಲೂ ದನದ ತೊಡೆ ಮೂಳೆಯಂಥ ಭಾರ ಹೊರುವ ಮೂಳೆಗಳು ನಾಯಿಯ ಹಲ್ಲು ಮುರಿಯುವಷ್ಟು ಗಟ್ಟಿ ಎಂದೇ ತಿಳಿಯಿರಿ. ಮೇಲ್ದವಡೆಯ ದೊಡ್ಡ ಕತ್ತರಿಹಲ್ಲು ಚಪ್ಪಡಿಯಂತೆ ಸೀಳಿ ಒಳಗಿನ ನರ ಬಯಲಾಗುತ್ತದೆ. ನಾಯಿ ಏನೂ ಆಗದಂತೆ ತಿನ್ನುತ್ತಲೇ ಇರುತ್ತದೆ, ಎಷ್ಟೋ ದಿನದ ಮೇಲೆ ಕಣ್ಣಿನ ಕೆಳಗೆ ಬಾವು ಬಂದಾಗಲೇ ಮನೆಯವರಿಗೆ ಗೊತ್ತಾಗುವುದು. ಉಗುರಿನಿಂದ ಒತ್ತಿದರೆ ಗುರುತು ಬೀಳದ ವಸ್ತು ಹಲ್ಲಿಗೆ ಒಳ್ಳೆಯದಲ್ಲ. ಹಾಲುಹಲ್ಲು ಉದುರಿ 42 ಹಲ್ಲೂ ಬರುವವರೆಗೆ, ಅಂದರೆ ಆರೇಳು ತಿಂಗಳವರೆಗೆ, ಮೂಳೆಯ ಬದಲು ಮೆತ್ತನೆಯ ರಬ್ಬರ್ ಆಟಿಕೆಯೇ ಸಾಕು.

ಇಲ್ಲಿಯೂ ಆ ಕಪ್ಪು ಗೆರೆಯ ಮಾತು ಬರುತ್ತದೆ. ಎಳೆಯ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಸಿಕ್ಕಿದ್ದೆಲ್ಲ ಒಳಗೆ ಹೋಗುತ್ತದೆ. ದೊಡ್ಡ ತಳಿಯ ಮರಿಗೆ ಸಮತೋಲಿತ ಆಹಾರದ ಜೊತೆ ಕ್ಯಾಲ್ಸಿಯಂ ಪುಡಿ, ಮೂಳೆ ಪುಡಿ ಸೇರಿಸಿದರೆ ಮೃದ್ವಸ್ಥಿ ಸರಿಯಾಗಿ ಮೂಳೆಯಾಗದೆ ಕೀಲು ಕೆಡುತ್ತದೆ. ಬರೀ ಮಾಂಸ ಹಾಕಿದರೆ ಇದಕ್ಕೆ ತದ್ವಿರುದ್ಧ: ಕ್ಯಾಲ್ಸಿಯಂ ಸಾಲದೆ ದೇಹ ಮೂಳೆಯಿಂದಲೇ ಅದನ್ನು ಕಿತ್ತುಕೊಳ್ಳುತ್ತದೆ.

ಮೂಳೆಯನ್ನೇ ಕೊಡಬೇಡಿ ಎನ್ನುವ ಪಶುವೈದ್ಯರು ಬಹಳ. ಕೊಡುವುದೇ ಆದರೆ ಹಲ್ಲು ಪೂರ್ತಿ ಬಂದ ಮೇಲೆ, ಹಸಿಯದನ್ನು, ಮೂತಿಗಿಂತ ದೊಡ್ಡದನ್ನು, ಕಣ್ಣೆದುರಿಗೇ, ಹತ್ತು-ಹದಿನೈದು ನಿಮಿಷ ಮಾತ್ರ. ಗುಂಡಗೆ ಕತ್ತರಿಸಿದ ಮಜ್ಜೆ ಮೂಳೆ ಕೆಳದವಡೆಗೆ ಬಳೆಯಂತೆ ಸಿಕ್ಕಿಕೊಳ್ಳುತ್ತದೆ. ಫ್ರೀಜರ್‌ನಲ್ಲಿಟ್ಟರೆ ಸಾಲ್ಮೊನೆಲ್ಲಾ ಎಂಬ ರೋಗಾಣು ಸಾಯುವುದಿಲ್ಲ, ಆದ್ದರಿಂದ ನೆಲ, ಕೈ ಎರಡನ್ನೂ ಸೋಪಿನಿಂದ ತೊಳೆಯಬೇಕು. ಮಾರನೆಯ ದಿನ ಮಲ ಬೆಳ್ಳಗೆ, ಪುಡಿಪುಡಿಯಾಗಿದ್ದರೆ ಕೊಟ್ಟಿದ್ದು ಹೆಚ್ಚಾಯಿತು.

ಚೂಪು ತುಂಡು ನುಂಗಿದೆ ಎನ್ನಿಸಿದರೆ ವಾಂತಿ ಮಾಡಿಸಬೇಡಿ. ಇಳಿಯುವಾಗ ಚುಚ್ಚದ್ದು ಹತ್ತುವಾಗ ಚುಚ್ಚೀತು. ಜೊಲ್ಲು ಸುರಿಸುವುದು, ಪಂಜದಿಂದ ಬಾಯಿ ಕೆರೆಯುವುದು, ಮತ್ತೆ ಮತ್ತೆ ವಾಂತಿ, ಮಲ ಹೋಗಲು ತಿಣುಕುವುದು, ಮಲದಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ಅವತ್ತೇ ಎಕ್ಸ್‌ರೇ ಆಗಬೇಕು.